ಸುಳಿಯಿಲ್ಲದ ತಂಬೂರಿ

ನನ್ನ ಗಂಡನ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ತಂಬೂರಿ ತೂಗುಹಾಕಿದೆ. ಮನೆಗೆ ಬಂದವರೆಲ್ಲ ಅದನ್ನು ನೋಡಿ, ಎಷ್ಟು ಚೆಂದ, ಒಂದು ಕಲೆಯಿಲ್ಲ, ಮುಖ ನೋಡಿಕೊಳ್ಳಬಹುದು ಅನ್ನುತ್ತಾರೆ. ನಾನು ಒಳಗಿನಿಂದ ಕಾಫಿ ತಂದುಕೊಟ್ಟು ಸುಮ್ಮನೆ ನಿಲ್ಲುತ್ತೇನೆ. ಹೊಗಳಿದವರಲ್ಲಿ ತಂತಿ ಮೀಟಿ ನೋಡಿದವರು ಒಬ್ಬರೂ ಇಲ್ಲ. ಮೀಟಿದ್ದರೆ ಗೊತ್ತಾಗುತ್ತಿತ್ತು, ಈ ಮನೆಯಲ್ಲಿ ಅದಕ್ಕಿಂತ ದೊಡ್ಡ ಸುಳ್ಳುಗಾರ ಇನ್ನೊಬ್ಬನಿಲ್ಲ ಎಂದು.

ಅದನ್ನು ಮಾಡಿದವನು ನನ್ನ ಅಪ್ಪ ಚೌಡಪ್ಪ. ನಮ್ಮದು ಸೊರಬ ತಾಲ್ಲೂಕು, ಕುಬಟೂರಿನ ಮಗ್ಗುಲ ಸಣ್ಣ ಊರು. ಅಪ್ಪ ಹೆಸರಿಗೆ ರೈತ. ಗದ್ದೆಗಿಳಿದರೆ ಮೈಗಳ್ಳ, ಮರದ ತುಂಡಿನ ಮುಂದೆ ಕೂತರೆ ಊಟ ಮರೆಯುವವನು. ಹರೆಯದಲ್ಲಿ ಮನೆ ಬಿಟ್ಟು ಹೋಗಿ, ವಾದ್ಯ ಮಾಡುವ ಒಬ್ಬ ಮುದುಕನ ಕೈಕೆಳಗೆ ಇದ್ದು ಕೆಲಸ ಕಲಿತು ಬಂದಿದ್ದನಂತೆ. ಸುತ್ತಿನ ಭಜನೆಯವರು ತಂಬೂರಿ ಬೇಕೆಂದರೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ವರ್ಷಕ್ಕೊಂದು ಮಾಡಿದರೆ ಹೆಚ್ಚು. ನನ್ನ ಅವ್ವ ಮೂಕಮ್ಮ ಅದಕ್ಕೂ ಗೊಣಗುತ್ತಿದ್ದಳು. ಹೆಸರು ಮೂಕಮ್ಮನಾದರೂ ಅವಳ ಬಾಯಿಗೆ ಹೆದರದವರು ಊರಲ್ಲಿ ಇರಲಿಲ್ಲ.

ನನಗೆ ಹಾಡು ಬಂದದ್ದು ಅಪ್ಪನಿಂದ. ತಂಬೂರಿಯ ಕೊಡಕ್ಕೆ ನನ್ನ ಕಿವಿ ಹಚ್ಚಿಸಿ, ಬೆರಳಿನಿಂದ ಒಂದೊಂದೇ ತಂತಿ ಮೀಟಿ, "ಇದರೊಳಗೆ ನಿನ್ನ ದನಿ ಕಾಣೆ ಆಗಬೇಕು ಹೂವಿ. ಯಾವುದು ನೀನು, ಯಾವುದು ತಂತಿ ಅಂತ ನಂಗೇ ತಿಳೀಬಾರದು" ಎನ್ನುತ್ತಿದ್ದ. ನಾನು ಹಾಡುವಾಗ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಮುಗಿದ ಮೇಲೆ ಕಣ್ಣು ಬಿಟ್ಟು, "ತಿಳೀಲಿಲ್ಲ ನೋಡು" ಅಂದರೆ ಅವತ್ತಿಡೀ ನನಗೆ ಹಸಿವೆಯೇ ಆಗುತ್ತಿರಲಿಲ್ಲ. ಅಪ್ಪ ಬಾಯಿಬಿಟ್ಟು ಹೊಗಳಿದ್ದು ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಮೈಸೂರು ರಾಜ್ಯ ದೊಡ್ಡದಾದ ಮಾರನೆಯ ವರ್ಷ ನನಗೆ ಗಂಡು ಬಂತು. ಶಿಕಾರಿಪುರದ ಕಡೆಯವರು, ಅಂಜನಾಪುರದ ಕಾಲುವೆ ನೀರು ಹರಿಯುವ ಊರು. ಹುಡುಗನ ಹೆಸರು ಲೋಕಪ್ಪ. ಅವನ ಅಪ್ಪ ಉಚ್ಚಂಗಪ್ಪನವರೆಂದರೆ ಆ ಕಡೆ ದೊಡ್ಡ ಹೆಸರು. ಎತ್ತಿನ ಸುಳಿ ನೋಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ದನದ ಮೈಮೇಲೆ ಕೂದಲು ತಿರುಗಿಕೊಂಡ ಜಾಗವಿರುತ್ತದಲ್ಲ, ಅದು ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಎಂಬುದರ ಮೇಲೆ ಯಜಮಾನನ ಆಯುಸ್ಸು, ಐಶ್ವರ್ಯ ಎಲ್ಲ ನಿಂತಿದೆ ಎಂದು ನಮ್ಮ ಕಡೆಯವರು ನಂಬುತ್ತಾರೆ. ಉಚ್ಚಂಗಪ್ಪನವರು ಬೆನ್ನ ಮೇಲೆ ಬೆರಳಾಡಿಸಿ ತಲೆ ಆಡಿಸುವ ತನಕ ಆ ಸುತ್ತಿನಲ್ಲಿ ಯಾರೂ ಎತ್ತಿನ ಹಗ್ಗ ಹಿಡಿಯುತ್ತಿರಲಿಲ್ಲ. ಅವರ ಮನೆಯಲ್ಲಿ ಸೋಮವಾರ ಸೋಮವಾರ ಭಜನೆ. ಹಾಡುವ ಸೊಸೆ ಬೇಕು ಎಂದೇ ಅವರು ಹುಡುಕುತ್ತಿದ್ದರಂತೆ.

"ಬಂಗಾರ ಗಿಂಗಾರ ಏನೂ ಬ್ಯಾಡ್ರಿ. ನಿಮ್ಮ ಕೈಯಾಗಿಂದು ಒಂದ ತಂಬೂರಿ ಕೊಡ್ರಿ, ಮಗಳ ಕೂಡ ಅದೂ ನಮ್ಮನಿಗೆ ಬರ್ಲಿ" ಎಂದು ಹೇಳಿಕಳಿಸಿದರು.

ಆ ಮಾತು ಕೇಳಿದ ದಿನ ನಾನು ಒಳಗೊಳಗೇ ಕುಣಿದೆ. ಗಂಡ ಹೇಗಿದ್ದಾನೋ, ಗದ್ದೆ ಎಷ್ಟಿದೆಯೋ, ನನಗೆ ಅದೊಂದೂ ಬೇಕಿರಲಿಲ್ಲ. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಬಾಯಿಗೆ ಬೀಗ ಬೀಳುವುದನ್ನು ನನ್ನ ಓರಗೆಯವರಲ್ಲೇ ಕಂಡಿದ್ದೆ. ಇಲ್ಲಿ ಹಾಡಿಗಾಗಿಯೇ ಕರೆಯುತ್ತಿದ್ದಾರೆ, ಅಪ್ಪನ ತಂಬೂರಿಯ ಜೊತೆಗೆ. ಇನ್ನೇನು ಬೇಕು?

ಅಪ್ಪ ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಹಲಸಿನ ಮರ ಇಳಿಸಿದ. ಕೊಡ ಕೊರೆದ, ದಂಡಿ ಕೂರಿಸಿದ. ಕೊಡದ ಬಾಯಿ ಮುಚ್ಚುವ ಹಲಗೆ ಕೊಯ್ದಾಗ ಅದರಲ್ಲೊಂದು ಗಂಟು ಸಿಕ್ಕಿತು. ಕೊಂಬೆ ಹುಟ್ಟಿದ್ದ ಜಾಗ. ಎಳೆಗಳೆಲ್ಲ ಅದರ ಸುತ್ತ ತಿರುಗಿಕೊಂಡು, ನಡುವೆ ಕಂದುಬಣ್ಣದ ಒಂದು ಬೊಟ್ಟು, ಎರಡೂ ಕಡೆಗೆ ಉದ್ದಕ್ಕೆ ಎರಡು ಗೆರೆ.

"ಬಾಗಿಲು ಮಾಡೋರು ಇದನ್ನ ಒಲೆಗೆ ಹಾಕ್ತಾರೆ" ಎಂದ ಅಪ್ಪ. ಉಗುರಿನಿಂದ ತಟ್ಟಿದ. ಮತ್ತೆ ತಟ್ಟಿದ. "ಕೇಳು, ಹೆಂಗೆ ಮಾತಾಡ್ತದೆ."

ಆ ಹಲಗೆಯನ್ನೇ ಕೂರಿಸಿದ. ಗಂಟು ಸರಿಯಾಗಿ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಕೆಳಗೆ ಬಂತು. ತಂತಿ ಕಟ್ಟಿ ಮೊದಲ ಸಲ ಮೀಟಿದಾಗ ಹಿತ್ತಲಲ್ಲಿದ್ದ ಅವ್ವ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಒಳಗೆ ಬಂದಳು. ನಮ್ಮ ಅವ್ವ ಹಾಗೆಲ್ಲ ಬರುವವಳಲ್ಲ. "ನಾ ಮಾಡಿದ್ದರಲ್ಲಿ ಇದೇ ಮೇಲು. ಇನ್ನು ಇಂಥದ್ದು ಆಗೋದಿಲ್ಲ" ಎಂದ ಅಪ್ಪ. ಹೇಳಿದ್ದು ನಿಜವೇ ಆಯಿತು.

ಸುಗ್ಗಿ ಮುಗಿದ ಮೇಲೆ ಗಂಡಿನವರು ವೀಳ್ಯ ಹಿಡಿಯಲು ಬಂದರು. ಉಚ್ಚಂಗಪ್ಪನವರು, ಅವರ ಅಕ್ಕ ಬಸಕ್ಕ, ಲೋಕಪ್ಪ, ಇನ್ನಿಬ್ಬರು ಹಿರಿಯರು. ಬಸಕ್ಕ ನನ್ನನ್ನು ಒಳಕ್ಕೆ ಕರೆದುಕೊಂಡು ಹೋಗಿ, ಜಡೆ ಬಿಚ್ಚಿಸಿ, ಹೇನು ಹೆಕ್ಕುವವಳ ಹಾಗೆ ಬೈತಲೆ, ನೆತ್ತಿ, ಕತ್ತು ಎಲ್ಲ ಹುಡುಕಿದಳು. ಹೆಣ್ಣಿಗೂ ಸುಳಿ ನೋಡುತ್ತಾರೆ. ಹೊರಗೆ ಬಂದು "ಹುಡುಗಿ ಮ್ಯಾಲ ಏನೂ ಇಲ್ಲ ಬಿಡು" ಎಂದು ತಮ್ಮನಿಗೆ ಹೇಳಿದಳು. ಪಾಸಾದೆ.

ಹಾಡು ಅಂದರು. ತಂಬೂರಿ ಹಿಡಿದು ಕೂತು ಹಾಡಿದೆ. ಹೆಮ್ಮೆಯಿಂದಲೇ ಹೇಳುತ್ತೇನೆ, ಅವತ್ತಿನ ಹಾಗೆ ನಾನು ಮೊದಲೂ ಹಾಡಿರಲಿಲ್ಲ, ಆಮೇಲಂತೂ ಹಾಡಲೇ ಇಲ್ಲ. ಎಲೆ ಮಡಿಸುತ್ತಿದ್ದ ಹಿರಿಯರ ಕೈ ಹಾಗೇ ನಿಂತಿತ್ತು. ಲೋಕಪ್ಪ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ. ಅಪ್ಪ ಕಣ್ಣು ಬಿಟ್ಟು, ಎಲ್ಲರೆದುರಿಗೆ, "ತಿಳೀಲಿಲ್ಲ" ಎಂದ. ಅದು ನನಗೊಬ್ಬಳಿಗೆ ಅರ್ಥವಾಯಿತು.

"ಚಲೋ ಹಾಡತಾಳ್ರಿ" ಎಂದರು ಉಚ್ಚಂಗಪ್ಪನವರು. "ಎಲ್ಲಿ, ತಂಬೂರಿ ತರ್ರಿ, ನೋಡೂಣು."

ತೊಡೆಯ ಮೇಲೆ ಮಲಗಿಸಿಕೊಂಡು, ಎತ್ತಿನ ಬೆನ್ನು ಸವರುವ ಹಾಗೆಯೇ ಹಲಗೆಯ ಮೇಲೆ ಬೆರಳಾಡಿಸುತ್ತ ಬಂದರು. ಗಂಟಿನ ಮೇಲೆ ಬೆರಳು ನಿಂತಿತು. ಬಗ್ಗಿ ನೋಡಿದರು. ಬೆಳಕಿಗೆ ತಿರುಗಿಸಿ ನೋಡಿದರು. ತಂಬೂರಿಯನ್ನು ತೊಡೆಯಿಂದ ಇಳಿಸಿ ಚಾಪೆಯ ಮೇಲಿಟ್ಟು, ಕೈಯನ್ನು ಹೆಗಲ ವಸ್ತ್ರಕ್ಕೆ ಒರೆಸಿಕೊಂಡರು.

"ಏನ್ರಿ ಬೀಗರ, ಇದನ್ನ ನೀವು ನೋಡಿಲ್ಲೇನು? ಇದು ಚಟ್ಟದ ಸುಳಿ ಐತಿ. ನಡುವ ಬೊಟ್ಟು, ಆಕಡಿ ಈಕಡಿ ಎರಡ ಬಿದಿರು. ಇಂಥಾ ಸುಳಿ ಇರೋ ಎತ್ತು ಕಟ್ಟಿದ ಉಡುತಡಿಯವನು ಒಬ್ಬ ಆರ ತಿಂಗಳದಾಗ ಹೋದ."

ಅಪ್ಪ ನಕ್ಕುಬಿಟ್ಟ. ತಮಾಷೆ ಅಂದುಕೊಂಡಿದ್ದ. "ಅದು ಮರದ ಗಂಟು ಬೀಗರೇ. ಕೊಂಬೆ ಹುಟ್ಟಿದ ಜಾಗ. ಎಲ್ಲ ಮರಕ್ಕೂ ಇರ್ತದೆ."

"ಎಲ್ಲಾ ಎತ್ತಿಗೂ ಸುಳಿ ಇರತಾವ್ರಿ. ಯಾವ ಸುಳಿ, ಎಲ್ಲೈತಿ ಅಂತ ನೋಡಬೇಕು. ಇದು ಹೊಟ್ಟಿ ಮ್ಯಾಲೇ ಐತಿ."

ಲೋಕಪ್ಪ ಮೆಲ್ಲಗೆ, "ಅಪ್ಪಾ, ನಾದ ಭಾಳ ಚಲೋ ಐತಲ್ಲ..." ಎಂದ.

"ಕೂಗೋದು ಕೇಳಿ ಎತ್ತು ತರತಾರೇನಲೇ?"

ಲೋಕಪ್ಪನ ಬಾಯಿ ಅಲ್ಲಿಗೆ ಮುಚ್ಚಿತು. ನನ್ನ ಪರವಾಗಿ ಅವನು ಆಡಿದ ಮೊದಲ ಮಾತು ಅದು, ಕೊನೆಯದೂ ಅದೇ. ಏಳುವಾಗ ಉಚ್ಚಂಗಪ್ಪನವರು ಮಾತು ಮುಗಿಸಿದರು: "ಹುಡುಗಿ ಒಪ್ಪಿಗಿ ಐತಿ. ಇದು ಮಾತ್ರ ನಮ್ಮ ಹೊಸ್ತಿಲ ದಾಟಂಗಿಲ್ಲ. ಸುಳಿ ಇಲ್ಲದ್ದು ಬ್ಯಾರೆ ಮಾಡ್ರಿ. ವೈಶಾಖದೊಳಗ ಆತಂದ್ರ ಮದುವಿ. ಇಲ್ಲಾಂದ್ರ ನಿಮ್ಮ ದಾರಿ ನಿಮಗ, ನಮ್ಮ ದಾರಿ ನಮಗ."

ಬೇರೆ ಮಾಡಲು ಒಣಗಿದ ಮರ ಎಲ್ಲಿತ್ತು? ಹಸಿ ಹಲಸು ಕೊಯ್ದರೆ ಒಂದು ಮಳೆಗಾಲಕ್ಕೆ ಸೊಟ್ಟಗಾಗುತ್ತದೆ. ಅಪ್ಪ ಎರಡು ದಿನ ಅಟ್ಟ ಹತ್ತಿ ಇಳಿದು ಹುಡುಕಿದ. ಮೂರನೆಯ ದಿನ ಬೆಳಗ್ಗೆ ಜಗಲಿಯಲ್ಲಿ ತಂಬೂರಿಯ ತಂತಿ ಬಿಚ್ಚಿ, ಉಳಿ ಮಸೆಯುತ್ತ ಕೂತಿದ್ದ.

"ಅಪ್ಪಾ, ಅದನ್ನ ಮುಟ್ಟಬೇಡ."

"ಈ ಗಂಟು ತೆಗೆದು ಬೇರೆ ತುಂಡು ಕೂರಿಸ್ತೀನಿ. ಮೇಲೆ ಕೆರೆದು, ಅರಗಿನ ಮೆರುಗು ಕೊಟ್ಟರೆ ಬ್ರಹ್ಮನಿಗೂ ತಿಳಿಯೋದಿಲ್ಲ. ಬೇರೆಯದೇ ಮಾಡ್ದೆ ಅಂತ ಹೇಳಿದರಾಯ್ತು."

"ನಾದ?"

ಅಪ್ಪ ಉಳಿಯ ಬಾಯಿಗೆ ಹೆಬ್ಬೆರಳು ಹಚ್ಚಿ ನೋಡಿದ.

"ನಂಗೆ ಆ ಮನೆ ಬೇಡ ಅಪ್ಪಾ. ಮರದ ಮೇಲೆ ಚಟ್ಟ ಕಾಣೋರ ಮನೇಲಿ ನಾ ಎಂಥದು ಹಾಡೋದು?"

ಅವ್ವ ಅಡುಗೆಮನೆಯಿಂದಲೇ ಕೂಗಿದಳು: "ತಂಬೂರಿ ಕಟ್ಟಿಕೊಂಡು ಸಂಸಾರ ಮಾಡ್ತೀಯೇನೇ? ಕಾಲುವೆ ನೀರಿನ ಗದ್ದೆ ಇರೋ ಮನೆ. ವೀಳ್ಯಕ್ಕೆ ಬಂದೋರು ವಾಪಸ್ ಹೋದರು ಅಂತ ಊರೆಲ್ಲ ಆದರೆ ಆಮೇಲೆ ನಿನ್ನ ಬಾಗಿಲಿಗೆ ಯಾರು ಬರ್ತಾರೆ?"

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ಹೂವಿ" ಎಂದ ಅಪ್ಪ. "ನಾ ಒಂದೇ ಹೇಳ್ತಿದೀನಿ."

ಕೈ ಹಿಡಿದು ಜಗ್ಗಿ ಅತ್ತುಬಿಟ್ಟೆ. ಅಪ್ಪ ನನ್ನ ಕೈ ಬಿಡಿಸಿ, ಗಂಟಿನ ಸುತ್ತ ಉಳಿ ಇಟ್ಟು ಹೊಡೆದ. ನನಗೆ ಈಗಲೂ ಸಿಟ್ಟು ಇರುವುದು ಉಚ್ಚಂಗಪ್ಪನವರ ಮೇಲಲ್ಲ. ಅವರಿಗೆ ಗೊತ್ತಿದ್ದದ್ದು ಎತ್ತು ಮಾತ್ರ, ಕಂಡದ್ದರಲ್ಲೆಲ್ಲ ಎತ್ತನ್ನೇ ಕಂಡರು. ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಹೊಡೆದ.

ಅಂಗೈ ಅಗಲದ ಆ ಗಂಟಿನ ಬಿಲ್ಲೆ ಕಳಚಿ ಜಗಲಿಯಿಂದ ಅಂಗಳಕ್ಕೆ ಉರುಳಿತು. ಅವ್ವ ಒಲೆಗೆ ಹಾಕಲು ಕಸದ ಜೊತೆ ಬಾಚಿದಳು. ನಾನು ಕಿತ್ತುಕೊಂಡು ಸೆರಗಿನಲ್ಲಿ ಕಟ್ಟಿಕೊಂಡೆ.

ತೂತಿಗೆ ಬೇರೆ ತುಂಡು ಕೂರಿಸಿ, ಅಂಟು ತುಂಬಿ, ಗೀರು ಕಾಣಬಾರದೆಂದು ಇಡೀ ಹಲಗೆಯನ್ನು ಗಾಜಿನ ಚೂರಿನಿಂದ ಕೆರೆದು ಕೆರೆದು ತೆಳ್ಳಗೆ ಮಾಡಿದ. ಅದರ ಮೇಲೆ ದಪ್ಪಗೆ ಮೆರುಗು. ನೋಡಲು ಮೊದಲಿಗಿಂತ ಚೆಂದವೇ ಆಯಿತು. ತಂತಿ ಕಟ್ಟಿ ಮೀಟಿದ. ಒದ್ದೆ ಗೋಡೆಗೆ ಕೈ ಬಡಿದ ಹಾಗೆ ಒಂದು ಸದ್ದು ಬಂದು ಅಲ್ಲೇ ಸತ್ತಿತು. ಅಪ್ಪ ಇನ್ನೊಮ್ಮೆ ಮೀಟಲಿಲ್ಲ. "ಹೊಸದಲ್ವಾ, ಪಳಗಬೇಕು" ಎಂದ. ನನ್ನ ಮುಖ ನೋಡಲಿಲ್ಲ.

ಮದುವೆಯ ಚಪ್ಪರದಲ್ಲಿ ಉಚ್ಚಂಗಪ್ಪನವರು ತಂಬೂರಿಯ ಹಲಗೆಯನ್ನು, ಕೊಡವನ್ನು, ದಂಡಿಯನ್ನು ಎಲ್ಲರೆದುರು ಬೆರಳಾಡಿಸಿ ನೋಡಿದರು. "ಹಾಂ, ಇದು ನೋಡ್ರಿ! ಆವತ್ತ ನಾ ಅನ್ನಲಿಲ್ಲಂದ್ರ ಇಂಥದ್ದು ಬರತಿತ್ತೇನು?" ಎಂದರು. ಜನ ಹೌದೆಂದರು. ಅರಿಸಿನ ಕುಂಕುಮ ಹಚ್ಚಿ ಗಾಡಿಗೆ ಏರಿಸಿದರು. ಅದರ ಪಕ್ಕದಲ್ಲಿ ನನ್ನನ್ನೂ ಕೂರಿಸಿದರು.

ಹೋದ ಮೇಲಿನ ಮೊದಲ ಸೋಮವಾರ ಪಡಸಾಲೆಯಲ್ಲಿ ಭಜನೆಗೆ ಜನ ತುಂಬಿದರು. ಸೊರಬದ ಸೊಸೆ ಹಾಡುತ್ತಾಳಂತೆ ಎಂದು ಪಕ್ಕದ ಊರಿನವರೂ ಬಂದಿದ್ದರು. ಕಂದೀಲಿನ ಬೆಳಕಿನಲ್ಲಿ ತಂಬೂರಿ ಫಳಫಳ ಹೊಳೆಯುತ್ತಿತ್ತು. ಶ್ರುತಿ ಮಾಡಲು ಬಿರಡೆ ತಿರುಗಿಸಿದೆ, ತಿರುಗಿಸಿದೆ, ಎಲ್ಲಿಗೆ ಹೋದರೂ ತಂತಿ ನಿಜ ಹೇಳದು. ಒಂದು ಗುಂಯ್ ಎಂದರೆ ಇನ್ನೊಂದು ಟಪ್ ಎನ್ನುತ್ತದೆ. ಹಾಗೇ ಹಾಡಲು ತೊಡಗಿದೆ. ಆಸರೆಗೆಂದು ಕೈ ಚಾಚಿದಲ್ಲೆಲ್ಲ ಏನೂ ಇರಲಿಲ್ಲ. ದನಿ ಒಮ್ಮೆ ಮೇಲೆ ಹೋಯಿತು, ಒಮ್ಮೆ ಕೆಳಗೆ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಡುವೆಯೇ ನಿಲ್ಲಿಸಿಬಿಟ್ಟೆ.

"ತಂಬೂರಿ ಸರಿ ಇಲ್ಲ ಮಾವ" ಎಂದೆ.

ಉಚ್ಚಂಗಪ್ಪನವರು ಎದ್ದು ಬಂದು, ತಂಬೂರಿಯನ್ನು ಕಂದೀಲಿಗೆ ಹಿಡಿದು ಇಡೀ ಹಲಗೆ ಸವರಿದರು. ಅವರ ಬೆರಳು ಆ ತೇಪೆಯ ಮೇಲೇ ಹಾದುಹೋಯಿತು, ನಾನು ನೋಡುತ್ತಲೇ ಇದ್ದೆ. "ಒಂದ ಕಲಿ ಇಲ್ಲ, ಒಂದ ಸುಳಿ ಇಲ್ಲ. ಇದಕ್ಕೇನಾಗೈತಿ?"

"ಕುಣಿಯಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದಳು ಬಸಕ್ಕ. ಪಡಸಾಲೆಗೆ ಪಡಸಾಲೆಯೇ ನಕ್ಕಿತು.

ಬಾಯಿ ಬಿಟ್ಟರೆ ಮುಗಿಯುತ್ತಿತ್ತು. ಇದೇ ಆ ತಂಬೂರಿ, ನಿಮ್ಮ ಬೆರಳಿನಡಿಯಲ್ಲೇ ತೇಪೆಯಿದೆ, ನೀವು ಕೊಂದದ್ದು ಇದನ್ನೇ ಎನ್ನಬಹುದಿತ್ತು. ಆದರೆ ಮರುದಿನವೇ ನನ್ನನ್ನು ಗಾಡಿ ಹತ್ತಿಸುತ್ತಿದ್ದರು, ಚೌಡಪ್ಪ ಮೋಸಗಾರ ಎಂದು ಎರಡು ತಾಲ್ಲೂಕಿನಲ್ಲೂ ಡಂಗುರವಾಗುತ್ತಿತ್ತು. ಲೋಕಪ್ಪನ ಕಡೆ ನೋಡಿದೆ. ನಮ್ಮ ಮನೆಯಲ್ಲಿ ನನ್ನ ಹಾಡು ಕೇಳಿದವನು ಅವನು. ಕಂದೀಲಿನ ಬತ್ತಿ ಸರಿಮಾಡುತ್ತ ಕೂತಿದ್ದ. ನಾನು ಸೆರಗು ಹೊದ್ದು ಒಳಗೆ ಹೋದೆ.

ಮುಂದಿನ ಸೋಮವಾರ ನನ್ನನ್ನು ಕರೆಯಲಿಲ್ಲ. ಎಲ್ಲಿಂದಲೋ ಒಂದು ಹಾರ್ಮೋನಿಯಂ ಬಂತು. ತಂಬೂರಿ ಗೋಡೆಗೆ ಏರಿತು.

ಪಂಚಮಿಗೆ ಕರೆದೊಯ್ಯಲು ಅಪ್ಪ ಬಂದ. ಪಡಸಾಲೆಯಲ್ಲಿ ಕೂತು ನೀರು ಕುಡಿದವನು ಒಮ್ಮೆ ಗೋಡೆಯ ಕಡೆ ನೋಡಿ ಕಣ್ಣು ಕೆಳಗೆ ಹಾಕಿದ. ಉಚ್ಚಂಗಪ್ಪನವರು ಎಲೆಯ ತಟ್ಟೆ ಮುಂದೆ ಸರಿಸಿ, ಪ್ರೀತಿಯಿಂದಲೇ ಹೇಳಿದರು: "ತಂಬೂರಿ ಭಾಳ ಚಲೋ ಬಂದೈತ್ರಿ ಬೀಗರ. ನೋಡಿದೋರೆಲ್ಲಾ ಹೊಗಳತಾರ. ಆದ್ರ ಹುಡುಗಿ ಶ್ರುತಿ ಯಾಕೋ ಸರಿ ಕೂಡವಲ್ದು. ಅವತ್ತ ನಿಮ್ಮ ಮನ್ಯಾಗ ಚಲೋ ಹಾಡಿದ್ಲಲ್ಲ?"

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅಪ್ಪ ತಂಬೂರಿಗೆ ಹವೆ ಹಿಡಿದಿರಬಹುದು ಎನ್ನಲಿ, ತಂತಿ ಹಳೆಯದಾಗಿದೆ ಎನ್ನಲಿ, ಏನಾದರೊಂದು ಹೇಳಲಿ. ಸುಳ್ಳು ಹೇಳುವುದು ಅವನಿಗೆ ಈಗ ಗೊತ್ತಿತ್ತಲ್ಲ.

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: "ಹೌದು ಬೀಗರೇ. ಅವಳಿಗೆ ಮೊದಲಿಂದಲೂ ಶ್ರುತಿ ಸ್ವಲ್ಪ ಕಮ್ಮಿ. ಅವತ್ತು ಹೆಂಗೋ ಬಂದಿತ್ತು."

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಮಂಡಕ್ಕಿ ಕೊಡಿಸಿದ. ತಿನ್ನಲಿಲ್ಲ. "ನನಗೆ ಶ್ರುತಿ ಇಲ್ಲವಾ ಅಪ್ಪಾ?" ಎಂದು ಕೇಳಿದೆ.

"ತಂಬೂರಿ ಮೇಲೆ ಮಾತು ಬಂದಿದ್ದರೆ ಅದನ್ನ ಬಿಚ್ಚಿ ನೋಡ್ತಿದ್ದರು ಹೂವಿ. ಗಂಡನ ಮನೆ ಉಳೀತಲ್ಲ. ಹಾಡು ಇದ್ದರೆಷ್ಟು, ಬಿಟ್ಟರೆಷ್ಟು?"

ಹೇಳಿದವನು ಯಾರು ನೋಡಿ. ಬೇರೆ ಯಾರು ಹೇಳಿದ್ದರೂ ನಕ್ಕು ಮರೆಯುತ್ತಿದ್ದೆ.

ಪಂಚಮಿ ಮುಗಿಸಿ ವಾಪಸಾಗುವಾಗ, ತವರಲ್ಲೇ ಬಿಟ್ಟಿದ್ದ ಗಂಟಿನ ಬಿಲ್ಲೆಯನ್ನು ನನ್ನ ಟ್ರಂಕಿನಲ್ಲಿ, ಧಾರೆ ಸೀರೆಯ ಕೆಳಗೆ ಇಟ್ಟುಕೊಂಡು ಹೋದೆ. ಬೇಕೆಂದೇ ಒಯ್ದೆ. ಚಟ್ಟದ ಸುಳಿ ಹೊಸ್ತಿಲು ದಾಟಿತು. ಏನಾಯಿತು? ಕಾಲುವೆಗೆ ನೀರು ಬಂತು, ಭತ್ತ ಕೈತುಂಬ ಬಂತು, ನನಗೆ ಇಬ್ಬರು ಮಕ್ಕಳಾದರು. ಹಟ್ಟಿಯಲ್ಲಿ ಒಂದು ಎತ್ತೂ ಕಾಲಕ್ಕಿಂತ ಮುಂಚೆ ಸಾಯಲಿಲ್ಲ. ಉಚ್ಚಂಗಪ್ಪನವರು ಹಲ್ಲೆಲ್ಲ ಉದುರಿದ ಮೇಲೂ ಗಟ್ಟಿಯಾಗಿ ಊರೂರು ತಿರುಗಿ ಎತ್ತಿನ ಬೆನ್ನು ಸವರುತ್ತಿದ್ದರು.

ಅಪ್ಪ ಮಾತ್ರ ಆಮೇಲೆ ತಂಬೂರಿ ಮಾಡಲಿಲ್ಲ. ಕೇಳಿ ಬಂದವರಿಗೆ ಮರ ಸಿಕ್ಕಲಿಲ್ಲ ಎಂದು ಹೇಳಿ ಕಳಿಸುತ್ತಿದ್ದನಂತೆ. ಹಾಸಿಗೆ ಹಿಡಿದಾಗ ನೋಡಲು ಹೋದೆ. ಬಿಲ್ಲೆಯನ್ನೂ ಒಯ್ದಿದ್ದೆ. ಅವನ ಅಂಗೈಯಲ್ಲಿಟ್ಟೆ. ಕಣ್ಣು ಕಾಣದಿದ್ದರೂ ಬೆರಳಿಗೆ ತಿಳಿಯಿತು. ಉಗುರಿನಿಂದ ತಟ್ಟಿದ. ಟಣ್ ಎಂದಿತು. ಅಷ್ಟು ಸಣ್ಣ ಚೂರು, ಅಷ್ಟು ವರ್ಷದ ಮೇಲೂ.

"ಎಲ್ಲಿಟ್ಟಿದ್ದೆ ಇದನ್ನ?"

"ಅವರ ಮನೇಲೇ."

ಅಪ್ಪ ನಕ್ಕ. ಆಮೇಲೆ ಕೆನ್ನೆಯ ಮೇಲೆ ನೀರು ಇಳಿಯಿತು. ಬಿಲ್ಲೆಯನ್ನು ಕಿವಿಯ ಹತ್ತಿರ ಹಿಡಿದುಕೊಂಡೇ, "ಒಂದು ಹಾಡು ಹೇಳು ಹೂವಿ. ಕೇಳಿ ಯಾವ ಕಾಲ ಆಯ್ತು" ಎಂದ.

"ನಂಗೆ ಮೊದಲಿಂದಲೂ ಶ್ರುತಿ ಸ್ವಲ್ಪ ಕಮ್ಮಿ ಅಲ್ವಾ ಅಪ್ಪಾ" ಎಂದೆ.

ಅವನು ಗೋಡೆಯ ಕಡೆ ಹೊರಳಿ ಮಲಗಿದ. ಮತ್ತೆ ಅವನು ಕೇಳಲಿಲ್ಲ, ನಾನೂ ಹಾಡಲಿಲ್ಲ.